ಸ್ಲೈಡು ತೊಳೆಯುವ ಕೆಲಸ

ಹೈಸ್ಕೂಲಿನ ಲ್ಯಾಬಿನಲ್ಲಿ ಹದಿನೇಳು ವರ್ಷ
ಗಾಜು ತೊಳೆದಿದ್ದೇನೆ.
ನಲ್ಲಿಗೆ ವಾರಕ್ಕೆ ಮೂರು ದಿನ ನೀರು, ಉಳಿದ ದಿನ ಬಕೆಟ್ಟು.
ಕಿಟಕಿಯಾಚೆ ದುರ್ಗದ ಬಂಡೆ,
ಹನ್ನೆರಡು ಗಂಟೆಗೆಲ್ಲ ಕಾದ ಕಾವಲಿ.

ಮೈಕ್ರೋಸ್ಕೋಪು ಒಂದೇ. ಮಕ್ಕಳು ನಲವತ್ಮೂರು.
ಒಂದು ಕಣ್ಣು ಮಾತ್ರ ಮುಚ್ಚಲು ಬಾರದ ಪಾಲಣ್ಣ
ಇನ್ನೊಂದನ್ನು ಅಂಗೈಯಿಂದ ಅದುಮಿ ಹಿಡಿದು ಬಗ್ಗಿದ.
ಕಂಡದ್ದು ತನ್ನದೇ ರೆಪ್ಪೆ.
"ಏನು ಕಾಣಿಸ್ತೋ?"
"ಕಪ್ಪು ಕಾಡು, ಮಿಸ್."

ಮೊನ್ನೆ ಈರುಳ್ಳಿ ಪಾಠ.
ಎರಡು ಗಡ್ಡೆ ನಾನೇ ತಂದದ್ದು, ಬಿಲ್ಲಿಲ್ಲದ್ದು.
ಒಳಪದರದ ಸಿಪ್ಪೆ, ನೊಣದ ರೆಕ್ಕೆಯಷ್ಟು ತೆಳು,
ಮೇಲೊಂದು ಹನಿ ಅಯೋಡಿನ್.
ನುಸ್ರತ್ ಮಿಸ್ ಹೇಳಿದರು:
ಇಟ್ಟಿಗೆ ಪಕ್ಕ ಇಟ್ಟಿಗೆ ನೋಡಿ,
ಒಂದೊಂದು ಜೀವಕೋಶಕ್ಕೂ ತನ್ನದೇ ಗೋಡೆ.
ಓಡಲಾರದ್ದು ಕಟ್ಟಿಕೊಂಡಿದೆ;
ಎಲುಬಿಲ್ಲದೆಯೂ ನೆಟ್ಟಗೆ ನಿಲ್ಲುತ್ತೆ.

"ಏಳು ಸುತ್ತಾ ಮಿಸ್?" ಕೇಳಿದವಳು ರುದ್ರಾಣಿ,
ಅವಳಪ್ಪ ಕೋಟೆ ಬಾಗಿಲಲ್ಲಿ ಸೌತೆಕಾಯಿ ಮಾರುತ್ತಾನೆ.
"ಒಂದೇ ಸುತ್ತು. ಅದರಲ್ಲೂ ಸಣ್ಣ ಸಣ್ಣ ಕಿಂಡಿ,
ಪಕ್ಕದ ಮನೆಗೆ ಸಾರು ದಾಟಿಸೋಕೆ."

ಬಂಡೆ ಸಂದಿನ ನೀರು ತಂದವನು ಗೌಸ್,
ಉಪ್ಪಿನಕಾಯಿ ಬಾಟಲಿಯಲ್ಲಿ, ಇನ್ನೂ ಮೆಂತ್ಯದ ವಾಸನೆ.
ಒಂದೇ ಹನಿ. ಒಳಗೆ ಸಂತೆ.
ಚಪ್ಪಲಿ ಆಕಾರದ್ದೊಂದು ಮೈತುಂಬ ಕೂದಲಾಡಿಸುತ್ತ
ಯಾರದೋ ಕೆಲಸಕ್ಕೆ ಅವಸರದಲ್ಲಿ ಹೊರಟಿದೆ.
ಪಾಚಿಯ ಎಳೆಯೊಳಗೆ ಹಸಿರು ರಿಬ್ಬನ್ನು,
ಸುರುಳಿ ಸುರುಳಿ, ಜಡೆಗೆ ಕಟ್ಟಲು ಎತ್ತಿಟ್ಟ ಹಾಗೆ.
ಮತ್ತೊಂದು ಐತೆ,
ಹಸಿರೂ ಹೌದು, ಓಡುವುದೂ ಹೌದು.

"ಇದು ಗಿಡವಾ ಪ್ರಾಣಿಯಾ?"
ಮಿಸ್ ನಕ್ಕರು.
"ಬಿಸಿಲಿದ್ದರೆ ತಾನೇ ಅಡುಗೆ ಮಾಡಿಕೊಳ್ಳುತ್ತೆ,
ಕತ್ತಲಾದರೆ ನೀರಲ್ಲಿ ಸಿಕ್ಕಿದ್ದು ಹೀರುತ್ತೆ.
ಯಾವ ಹಾಜರಿ ಪುಸ್ತಕಕ್ಕೂ ಸರಿಯಾಗಿ ಸೇರಲ್ಲ."
ನಾನು ಬಕೆಟ್ಟು ಹಿಡಿದು ಹಿಂದೆ ನಿಂತಿದ್ದೆ.
ಹಗಲು ಇಲ್ಲಿ ಅಟೆಂಡರು,
ರಾತ್ರಿ ಖಾನಾವಳಿಯಲ್ಲಿ ಮುದ್ದೆ ಕಟ್ಟುವವಳು.
ಅಯ್ಯೋ, ಇದು ನಮ್ಮ ಪೈಕಿ, ಅಂದುಕೊಂಡೆ.

ನಿನ್ನೆ ಕೆನ್ನೆಯೊಳಗಿನ ಚರ್ಮ ಬೇಕಾಯಿತು.
ಪಾಲಣ್ಣನ ಬಾಯಲ್ಲಿ ಪೆಪ್ಪರಮೆಂಟು,
ರುದ್ರಾಣಿಗೆ ನಾಚಿಕೆ,
ಉಳಿದವರು ನೆಲ ನೋಡಿದರು.
"ಕೆಂಚಕ್ಕ, ನೀವು ಕೊಡ್ತೀರಾ?"

ಕಡ್ಡಿಯಲ್ಲಿ ಮೆಲ್ಲಗೆ ಕೆರೆದೆ. ನೋಯಲಿಲ್ಲ.
ಬೆಳಿಗ್ಗೆಯ ಎಲೆಅಡಿಕೆ ಅಂಟಿಕೊಂಡು
ಮಾನ ಕಳೆದೀತೆಂದು ಅಷ್ಟೇ ಭಯ.
ಮೇಲೊಂದು ಹನಿ ನೀಲಿ.
ನಲವತ್ಮೂರು ಕಣ್ಣು ಸರದಿಯಲ್ಲಿ ನನ್ನೊಳಗೆ ಇಣುಕಿದವು.

"ಗೋಡೆನೇ ಇಲ್ಲ ಮಿಸ್!"
"ಬರೀ ಪೊರೆ. ಒಣಹಾಕಿದ ಹಪ್ಪಳದ ಹಂಗೆ ಬಿದ್ದವೆ."
"ನಡುವೆ ಒಂದು ಗುಂಡುಚುಕ್ಕೆ."
"ಮೇಲೆಲ್ಲ ಇನ್ನೂ ಸಣ್ಣ ಚುಕ್ಕೆ. ಅವೂ ಅಕ್ಕನವಾ?"
"ಅಲ್ಲ, ಅವು ಬ್ಯಾಕ್ಟೀರಿಯಾ,
ಅಕ್ಕನ ಬಾಯಲ್ಲಿ ಬಾಡಿಗೆಗೆ ಇರೋವು.
ನಿಮ್ಮ ಬಾಯಲ್ಲೂ ಇದಾವೆ.
ಒಬ್ಬೊಬ್ಬ ಮನುಷ್ಯನೂ ಒಂದೊಂದು ಊರು."

ನನ್ನ ಸರದಿ ಗಂಟೆ ಹೊಡೆದ ಮೇಲೆ.
ಏಳನೇ ಕ್ಲಾಸಿಗೆ ಬಿಟ್ಟವಳು
ಒಂದು ಕಣ್ಣು ಮುಚ್ಚಿ ಬಗ್ಗಿದೆ.
ರೇಷನ್ ಕಾರ್ಡಿನಲ್ಲಿ ಸಿಡುಕು ಮೋರೆಯವಳು
ಇಲ್ಲಿ ನೀಲಿ, ತಣ್ಣಗೆ.
ಗಂಡ ಸತ್ತ ವರ್ಷ ನಾನು ಬಾಯಿ ಬಿಟ್ಟವಳಲ್ಲ;
ಆಗಲೂ ಒಳಗೆ ಇವು
ಉದುರಿ, ಒಂದು ಎರಡಾಗಿ, ಮತ್ತೆ ತುಂಬಿಕೊಂಡು
ನನ್ನನ್ನು ಕೇಳದೆ ದುಡಿದವಂತೆ.

ಆಮೇಲೆ ನಲ್ಲಿ ತಿರುಗಿಸಿದೆ.
ತೊಳೆಯೋದೇ ನನ್ನ ಕೆಲಸ.
ಆದರೂ ಗಾಜು ಹಿಡಿದು
ನೀರಿಗೆ ಒಡ್ಡದೆ ಸ್ವಲ್ಪ ಹೊತ್ತು ನಿಂತೆ,
ನೀರು ಸುಮ್ಮನೆ ಪೋಲಾಯಿತು.

ಸೋಮವಾರ ಮೊಸರಿನ ಪಾಠ.
ಹೆಪ್ಪು ನಾನು ತರುತ್ತೇನೆ ಅಂದಿದ್ದೇನೆ.
ನಮ್ಮನೆಯದು ಒಮ್ಮೆ ಕೆಟ್ಟಾಗ
ಗೌಸನ ಅಜ್ಜಿ ಲೋಟದಲ್ಲಿ ಕೊಟ್ಟದ್ದು,
ಅವಳಿಗೆ ಕೊಟ್ಟವಳು ಯಾರೋ.
ಮಲಗುವಾಗ ಹಾಲು, ಎದ್ದಾಗ ಮೊಸರು.
ರಾತ್ರಿಯೆಲ್ಲ ಎದ್ದಿದ್ದು ದುಡಿದವರು ಯಾರೆಂದು
ಇಷ್ಟು ವರ್ಷ ಕೇಳಿಯೇ ಇರಲಿಲ್ಲ.
ನೋಡಬೇಕು ಅವರ ಮುಖ.